ಲಾತೂರಿನ ಲಗ್ನ, ಅಕ್ಕಲಕೋಟದ ಟಿ.ವಿ.

ಮೇ ೪, ಸಂಜೆ

ಮತ್ತೆ ಗೋಲ. ಟಿ.ವಿ.ಯ ನಟ್ಟನಡುವೆ ತಿರುಗಿತು, ತಿರುಗಿತು. ಚಿತ್ರ ಬಂತು. ಯಾವಳೋ ನಾಲ್ಕು ಹೆಜ್ಜೆ ನಡೆದಳು. ಮತ್ತೆ ಗೋಲ.

ರೂಟರ್ ಆಫ್, ಆನ್. ಟಿ.ವಿ. ಆಫ್, ಆನ್. ಇದೇನು ದೊಡ್ಡ ವಿದ್ಯೆಯಲ್ಲ. ಹಾಸ್ಟೆಲ್ ಮೆಸ್ಸಿನ ಟಿ.ವಿ.ಗೂ ಇದನ್ನೇ ಮಾಡುತ್ತಿದ್ದೆವು. ಆಗದಿದ್ದರೆ ಪಕ್ಕಕ್ಕೊಂದು ಏಟು.

ಅಜ್ಜಿ ಮಂಚದ ಮೇಲಿಂದಲೇ ನೋಡುತ್ತಿದ್ದಾಳೆ. ಟಿ.ವಿ.ಯನ್ನಲ್ಲ, ನನ್ನನ್ನು.

"ಎಂಜಿನಿಯರ್ ಸಾಹೇಬ್ರ, ಆತೇನ್ರಿ?"

ನಾನು ಸಿವಿಲ್. ಫಸ್ಟ್ ಇಯರ್. ಇಟ್ಟಿಗೆ, ಸಿಮೆಂಟು. ಹೇಳಿ ನೋಡಿದೆ. ಈ ಮನೆಯಲ್ಲಿ ಯಾರಿಗೂ ಅದು ಬೇಕಿಲ್ಲ.

ಹದಿನಾಲ್ಕಕ್ಕೆ ಲಾತೂರಿನಲ್ಲಿ ಮನೀಷಾ ಅಕ್ಕನ ಲಗ್ನ. ಅತ್ತೆಯ ಮಗಳು, ಆದರೆ ಬೆಳೆದದ್ದು ಇದೇ ಮನೆಯಲ್ಲಿ, ಅಜ್ಜಿಯ ಮಗ್ಗುಲಲ್ಲಿ. ಅಜ್ಜಿ ಮಾತ್ರ ಹೋಗುವಂತಿಲ್ಲ. ಹೋದ ತಿಂಗಳು ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿಯಿತು. ಸೊಲ್ಲಾಪುರದಲ್ಲಿ ಪ್ಲೇಟ್ ಹಾಕಿದರು. ಕಾರಿನಲ್ಲಿ ಕೂಡಿಸಲೇಬಾರದು ಅಂದಿದ್ದಾರೆ ಡಾಕ್ಟರು. ಅದಕ್ಕೇ ವಿಡಿಯೊದವನು ಲೈವ್ ಬಿಡುತ್ತಾನೆ, ಅಜ್ಜಿ ಮಲಗಿದಲ್ಲೇ ನೋಡುತ್ತಾಳೆ. ಅಪ್ಪನ ಐಡಿಯಾ. ಸ್ಟ್ರೀಮಿಂಗ್ ಸ್ಟಿಕ್ ತಂದದ್ದೂ ಅಪ್ಪ. ನಡೆಸಬೇಕಾದವನು ನಾನು. ಹದಿನಾರಕ್ಕೆ ಮೆಕ್ಯಾನಿಕ್ಸ್ ಪೇಪರ್ ಇದೆಯಲ್ಲ, ಹಾಗಾಗಿ ಲಗ್ನಕ್ಕೆ ಹೋಗದೆ ಅಜ್ಜಿಯ ಜೊತೆ ಉಳಿಯುವವನೂ ನಾನೇ.

ಪುಸ್ತಕ ತೆಗೆದೆ. ಮುಚ್ಚಿದೆ.

ಮೇ ೫

ನೆಟ್‌ನವನು ಬಂದಿದ್ದ. ಧನರಾಜ. ತನ್ನ ಮೊಬೈಲಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿ ನನ್ನ ಮುಖಕ್ಕೇ ಹಿಡಿದ. ಸ್ಪೀಡ್ ಫುಲ್ ಇದೆ, ಲೈನಿನದು ಏನೂ ದೋಷ ಇಲ್ಲ ಎಂದು ಮರಾಠಿಯಲ್ಲಿ ಹೇಳಿದ. ಚಹಾ ಕುಡಿದ. ಹೋದ.

ಅವನು ಟೆಸ್ಟ್ ಮಾಡಿದ್ದು ರೂಟರಿನ ಬುಡದಲ್ಲಿ ನಿಂತು. ರೂಟರ್ ಇರುವುದು ಒಳಕೋಣೆಯ ಗೂಡಿನಲ್ಲಿ. ಟಿ.ವಿ. ಪಡಸಾಲೆಯಲ್ಲಿ. ನಡುವೆ ಅಜ್ಜಿಯ ಕಬ್ಬಿಣದ ತಿಜೋರಿ, ಆಳೆತ್ತರದ್ದು. ಅವನು ಹೋದ ಮೇಲೆ ಹೊಳೆಯಿತು. ನನಗೆ ಎಲ್ಲವೂ ಮಂದಿ ಹೋದ ಮೇಲೇ ಹೊಳೆಯುವುದು. ವೈವಾದಲ್ಲೂ ಹಾಗೇ ಆಯಿತು.

ರೂಟರನ್ನು ಕಿಟಕಿಯ ಮೇಲಕ್ಕೆ ತಂದೆ. ಸ್ವಲ್ಪ ಸುಧಾರಣೆ. ಸ್ಟಿಕ್‌ಗೆ ಕರೆಂಟು ಟಿ.ವಿ.ಯ ಹಿಂದಿನ ತೂತಿನಿಂದ ಹೋಗುತ್ತಿತ್ತು, ಬೇರೆ ಅಡಾಪ್ಟರ್ ಹಾಕಿದೆ. ಕ್ಯಾಶ್ ಕ್ಲಿಯರ್. ಬೇಡದ ಆ್ಯಪ್ ಡಿಲೀಟ್. ಕ್ವಾಲಿಟಿ ಇಳಿಸಿದೆ... ಮುಖಗಳು ಹಿಟ್ಟು ಮೆತ್ತಿದ ಹಾಗಾದವು. ಏರಿಸಿದರೆ ಗೋಲ.

ಬೆಳಿಗ್ಗೆ ನೆಟ್ಟಗೆ. ಸಂಜೆ ಗೋಲ. ಓಣಿಯ ಮಂದಿಯೆಲ್ಲ ಮನೆಗೆ ಬಂದು ಮೊಬೈಲ್ ಹಿಡಿದರೆ ಲೈನ್ ಜಗ್ಗುತ್ತಿರಬೇಕು. ಮಧ್ಯಾಹ್ನ ಹೇಗೋ? ಲಗ್ನ ಮಧ್ಯಾಹ್ನ.

ಉಗುರು ಕಚ್ಚುತ್ತಿದ್ದೇನೆ ಅಂತ ಅಜ್ಜಿ ಬೈದಳು.

ಮೇ ೬

ಟೆಸ್ಟ್ ಮಾಡಲೆಂದು ಯಾವುದೋ ಊರಿನ, ಯಾರದೋ ಲಗ್ನದ ಲೈವ್ ಹಚ್ಚಿದ್ದೆ. ಸರಿಯಾಗಿ ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವಾಗ ಗೋಲ ಬಂತು. ಮಂದಿಯ ಕೈಗಳು ಮೇಲೆ, ಅಲ್ಲೇ ನಿಂತವು. ನನಗೆ ನಗು ಬಂತು. ಅಜ್ಜಿ ನಗಲಿಲ್ಲ.

ಆಮೇಲೆ, ಎಷ್ಟೋ ಹೊತ್ತಾದ ಮೇಲೆ, ತಾನಾಗಿಯೇ ಹೇಳಿದಳು. ಚಂದ್ರಭಾಗಾ ಅತ್ತೆಯ, ಅಂದರೆ ಮನೀಷಾ ಅಕ್ಕನ ತಾಯಿಯ, ಲಗ್ನ ಬೋರಾಮಣಿಯಲ್ಲಿ. ಗಂಡಿನ ಕಡೆಯ ಜೀಪು ದಾರಿಯಲ್ಲಿ ಕೆಟ್ಟಿತು. ಮುಹೂರ್ತ ದಾಟಿತು. ಮಂದಿ ಕೈಯಲ್ಲಿ ಕಾಳು ಹಿಡಿದು ಬಿಸಿಲಲ್ಲಿ ಕುಳಿತೇ ಇದ್ದರು, ಬೆವರಿಗೆ ಅರಿಷಿಣ ಕೈಗೆ ಹತ್ತಿತು. ಐದು ವರ್ಷಕ್ಕೆ ಅತ್ತೆ ಕಾಮಾಲೆಯಾಗಿ ಹೋದಳು.

"ಕಾಳು ತಡಾ ಬಿದ್ವು," ಅಂದಳು ಅಜ್ಜಿ. "ಈ ಪೋರಿ ಮ್ಯಾಲೆ ಟೈಮಿಗೆ ಬೀಳ್ಬೇಕು. ನನ್ನ ಕೈಲೆ ಬೀಳ್ಬೇಕು."

ಕಾಮಾಲೆಗೂ ಅಕ್ಕಿಗೂ ಏನು ಸಂಬಂಧ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಅಜ್ಜಿ ನನ್ನ ಜೊತೆ ಇಷ್ಟು ಮಾತಾಡಿದ್ದು ಇದೇ ಮೊದಲು ಇರಬೇಕು. ಐದನೇ ಇಯತ್ತೆಗೆ ವಿಜಯಪುರದ ಹಾಸ್ಟೆಲ್ ಸೇರಿದವನು. ರಜೆಗೆ ಬಂದರೆ ನಾನಿಲ್ಲಿ ಪಾಹುಣ್ಯಾ, ನೆಂಟ. ಬಿಸಿ ರೊಟ್ಟಿ ಮೊದಲು ನನಗೆ, ಮಾತೆಲ್ಲ ಅಕ್ಕನಿಗೆ.

ಮೇ ೯, ರಾತ್ರಿ

ಸಿಕ್ಕಿತು!

ವಿಡಿಯೊದವನು ಕಳಿಸಿದ ಪ್ಲೇಯರ್ ಆ್ಯಪ್. ಸೆಟ್ಟಿಂಗ್ಸ್ ಒಳಗೆ ಅಡ್ವಾನ್ಸ್ಡ್, ಅದರೊಳಗೆ ಬಫರ್. ಎರಡು ಸೆಕೆಂಡಿಗೆ ಇತ್ತು. ಎಳೆದು ಅರವತ್ತಕ್ಕೆ ಇಟ್ಟೆ. ಮೊದಲು ಒಂದು ನಿಮಿಷ ಕಪ್ಪು. ಆಮೇಲೆ ಬಂತು ನೋಡು... ಬೆಣ್ಣೆ! ಎರಡು ತಾಸು ಬಿಟ್ಟೆ. ಒಂದೇ ಒಂದು ಗೋಲ ಇಲ್ಲ. ಸಂಜೆಯೂ ಇಲ್ಲ.

ಅಪ್ಪ ಬೆನ್ನು ತಟ್ಟಿದ. ಫೀಸ್ ಕಟ್ಟಿದ್ದಕ್ಕೂ ಉಪಯೋಗ ಆಯಿತು ಅಂದ. ಬೀರವ್ವ ಬಂದು ನೋಡಿದಳು. ಪಕ್ಕದ ಮನೆಯವಳು, ಅಜ್ಜಿಯನ್ನು ಹೊರಳಿಸುವುದು, ತೊಳೆಯುವುದು ಎಲ್ಲ ಅವಳೇ. ಓಣಿಯ ಹೆಂಗಸರನ್ನೆಲ್ಲ ಕರೆದುಬಿಟ್ಟಿದ್ದಾಳೆ.

ನಾಳೆಯಿಂದ ಮೆಕ್ಯಾನಿಕ್ಸ್. ಪಕ್ಕಾ.

ಮೇ ೧೩, ಮಧ್ಯಾಹ್ನ ೧

ಎಲ್ಲರೂ ನಿನ್ನೆ ಲಾತೂರಿಗೆ ಹೋದರು. ಅಕ್ಕ ಹೊರಡುವಾಗ ಅಜ್ಜಿ ಅಳಲಿಲ್ಲ. ಅಕ್ಕನೇ ಅತ್ತದ್ದು. ನಾನು ಕಿಟಕಿಯ ಮೇಲಿನ ರೂಟರ್ ಒರೆಸುತ್ತ ನಿಂತಿದ್ದೆ, ಒರೆಸಲು ಏನೂ ಇರಲಿಲ್ಲ.

ಇವತ್ತು ಅರಿಷಿಣದ ಕಾರ್ಯಕ್ರಮ ಲೈವ್. ಪಡಸಾಲೆ ತುಂಬ ಹೆಂಗಸರು. ಚಿತ್ರ ನೆಟ್ಟಗೆ. ನಾನು ರಿಮೋಟ್ ಹಿಡಿದು ರಾಜನ ಹಾಗೆ ಕುಳಿತಿದ್ದೆ.

ಆಗ ಅಪ್ಪನ ಫೋನ್. ಸ್ಪೀಕರ್ ಮೇಲೆ ಹಾಕಿದೆ. ಕಾಣ್ತದೇನು ಅಂತ ಕೇಳಿದ. ಕಾಣ್ತದ ಅಂದೆ. ಅಷ್ಟರಲ್ಲಿ ಅವನ ಹಿಂದೆ ಒಮ್ಮೆಲೇ ಕೇಕೆ, ನಗು. ಯಾರೋ ನೀರಿನ ಇಡೀ ಕೊಡ ಅಕ್ಕನ ತಲೆಯ ಮೇಲೆ ಬೋರಲು ಹಾಕಿದರಂತೆ. ಟಿ.ವಿ.ಯಲ್ಲಿ ಅಕ್ಕ ಇನ್ನೂ ಒಣ ತಲೆಯಲ್ಲಿ ಸುಮ್ಮನೆ ಕೂತಿದ್ದಾಳೆ. ಫೋನ್ ಇಟ್ಟೆ. ಹೆಂಗಸರು ಏನೋ ಮಾತಾಡಿಕೊಂಡರು. ಆಮೇಲೆ ಟಿ.ವಿ.ಯಲ್ಲಿ ಯಾರೋ ಕೊಡ ಎತ್ತಿದರು.

ಹೆಂಗಸರೆಲ್ಲ ನಕ್ಕರು. ಅಜ್ಜಿ ನನ್ನ ಕಡೆ ತಿರುಗಿ ಹೆಸರು ಹಿಡಿದು ಕರೆದಳು.

"ಯೋಗ್ಯಾ. ಫೋನಿನ್ಯಾಗ ನಗೂದು ಮೊದಲ ಬಂತಲ್ಲ?"

ನಾನು ರಿಮೋಟ್ ಕೆಳಗಿಟ್ಟೆ.

ಸಂಜೆ ೫

ಬಫರ್ ಎರಡಕ್ಕೆ ಇಳಿಸಿದೆ: ಗೋಲ. ಹದಿನೈದು: ಗೋಲ. ಮೂವತ್ತು: ಮೂರು ಸಲ ಗೋಲ. ಅರವತ್ತು: ಬೆಣ್ಣೆ, ಆದರೆ ಒಂದು ನಿಮಿಷ ತಡ. ಎಲ್ಲಿ ನಿಲ್ಲಿಸಿದರೂ ಒಂದಿಲ್ಲೊಂದು ಹೋಗುತ್ತದೆ. ಒಂದೋ ಅಕ್ಕಿಕಾಳಿನ ಹೊತ್ತಿಗೆ ಚಿತ್ರ ನಿಲ್ಲಬಹುದು. ಇಲ್ಲ ಅಜ್ಜಿಯ ಕಾಳು ಮುಹೂರ್ತ ದಾಟಿ ಬೀಳುತ್ತದೆ.

ಹೇಳದೆ ಬಿಡಬಹುದಿತ್ತು. ನಾಳೆ ಫೋನ್ ಸೈಲೆಂಟ್ ಇಟ್ಟರೆ ಯಾರಿಗೂ ತಿಳಿಯುವುದಿಲ್ಲ. ಪಡಸಾಲೆಯಿಂದ ಅಡುಗೆಮನೆ, ಅಡುಗೆಮನೆಯಿಂದ ಪಡಸಾಲೆ. ಎಷ್ಟು ಸಲ ಓಡಾಡಿದೆನೋ. ಬೀರವ್ವ, ನಿನಗೇನು ಇರುವೆ ಕಚ್ಚ್ಯಾವೇನು ಅಂದಳು.

ಹೋಗಿ ಹೇಳಿಬಿಟ್ಟೆ. ಬಫರ್ ಅಂದರೆ ಏನು ಅಂತ ಹೇಗೆ ಹೇಳುವುದು? ನಮ್ಮ ನಳದ ಹಾಗೆ ಅಂದೆ. ನೀರು ಐದು ದಿನಕ್ಕೊಮ್ಮೆ ಬರುತ್ತದೆ. ಬಂದಾಗ ಟಾಕಿ ತುಂಬಿಸುತ್ತೇವೆ, ದಿನವೂ ಟಾಕಿಯಿಂದ ಬಿಡುತ್ತೇವೆ. ಅದಕ್ಕೇ ನಡುವೆ ನಿಲ್ಲುವುದಿಲ್ಲ. ಟಿ.ವಿ.ಯೂ ಹಾಗೆ, ಒಂದು ನಿಮಿಷ ತುಂಬಿಸಿಕೊಂಡು ಬಿಡುತ್ತದೆ.

ಅಜ್ಜಿಗೆ ಹೇಳುವುದು ಮುಗಿಯುವ ಮೊದಲೇ ತಿಳಿದಿತ್ತು.

"ಹಂಗಾರ ನಾ ನೋಡೂದು ಹಳೀ ನೀರು."

"ಹೂಂ."

"ಫೋನಿಗೆ ಟಾಕಿ ಐತೇನು?"

"ಇಲ್ಲ. ಅದು ಸೀದಾ ನಳ."

ಅಜ್ಜಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಕಿವಿ ಫೋನಿಗೆ ಇಡೂಣು. ಕಣ್ಣು ಟಿ.ವಿ.ಗೆ. ಕಾಳು ಕಿವಿ ಕೇಳಿ ಹಾಕ್ತೀನಿ. ಚಿತ್ರ ಬೇಕಾದಾಗ ಬರಲಿ."

ಅಪ್ಪನಿಗೆ ಫೋನ್ ಮಾಡಿದೆ. ಮುಹೂರ್ತಕ್ಕೆ ಮೊದಲೇ ತಾನೇ ಕಾಲ್ ಮಾಡಿ ಫೋನ್ ಹಿಡಿದು ನಿಲ್ಲುತ್ತೇನೆ ಅಂದ. ಅಕ್ಕನಿಗೂ ಹೇಳಿದೆ. ಅವಳು ತಡೆದು ಕೇಳಿದಳು, ತಡ ಆಗುತ್ತದೆ ಅಂತ ಅಜ್ಜಿಗೆ ಗೊತ್ತಾಯಿತಾ ಎಂದು. ಹೌದು ಅಂದೆ. ಫೋನ್ ಇಟ್ಟಳು.

ಮೇ ೧೪, ಬೆಳಿಗ್ಗೆ

ಬಫರ್ ಅರವತ್ತು. ಮೊಬೈಲ್ ಚಾರ್ಜ್ ಫುಲ್. ಇನ್ವರ್ಟರ್ ನೋಡಿದೆ. ಮತ್ತೆ ನೋಡಿದೆ. ಅಜ್ಜಿಗೆ ಹಸಿರು ಇಳಕಲ್ ಸೀರೆ ಉಡಿಸಿದ್ದಾಳೆ ಬೀರವ್ವ, ಮಲಗಿದಲ್ಲೇ, ಮೇಲೆ ಹೊದಿಸಿದ ಹಾಗೆ. ಹಿಂದೆ ಎರಡು ದಿಂಬು. ಅಕ್ಕಿಗೆ ಅರಿಷಿಣ ಹಚ್ಚಿ ತಾಟಿನಲ್ಲಿ ಇಟ್ಟಿದೆ. ಅಜ್ಜಿ ತಾನೇ ಕಲಸಿದಳು.

ಮುಹೂರ್ತ ಹನ್ನೆರಡೂ ಮೂವತ್ತೈದು. ಗೋಡೆಯ ಗಡಿಯಾರವನ್ನು ಮೊಬೈಲಿಗೆ ಹೊಂದಿಸಿದೆ. ಪೇಪರ್ ಇರುವ ದಿನವೂ ಹೀಗೆ ಮಾಡಿಲ್ಲ.

ಮಧ್ಯಾಹ್ನ ೩

ಬರೆದುಬಿಡುತ್ತೇನೆ. ಇಲ್ಲದಿದ್ದರೆ ಓದಲು ಆಗುವುದಿಲ್ಲ.

ಹನ್ನೆರಡೂವರೆ ಹತ್ತಿರ ಬಂತು. ಅಪ್ಪನ ಕಾಲ್ ಇಲ್ಲ. ನಾನೇ ಮಾಡಿದೆ. ಹತ್ತಲಿಲ್ಲ. ಮತ್ತೆ. ರಿಂಗ್ ಆಯಿತು, ಎತ್ತಲಿಲ್ಲ. ಹೆಂಗಸರೆಲ್ಲ ಮುಷ್ಟಿಯಲ್ಲಿ ಕಾಳು ಹಿಡಿದು ನನ್ನನ್ನೇ ನೋಡುತ್ತಿದ್ದರು. ಅಜ್ಜಿ ಮಾತ್ರ ಟಿ.ವಿ. ನೋಡುತ್ತಿದ್ದಳು.

ಟಿ.ವಿ.ಯಲ್ಲಿ ಅಪ್ಪ. ರುಮಾಲು ಸುತ್ತಿದ್ದಾನೆ. ಅಕ್ಕನನ್ನು ಮಂಟಪಕ್ಕೆ ಕರೆತರುತ್ತಿದ್ದಾನೆ, ಎರಡೂ ಕೈ ಅವಳ ಭುಜದ ಮೇಲೆ. ಸೋದರಮಾವ! ಮದುಮಗಳನ್ನು ಕರೆತರುವುದು, ಹಿಂದೆ ನಿಲ್ಲುವುದು ಅವನೇ. ಇದು ನಮಗೆ ಯಾರಿಗೂ ನೆನಪಾಗಲಿಲ್ಲ. ಇಡೀ ಚಪ್ಪರದಲ್ಲಿ ಕೈ ಬಿಡುವಿಲ್ಲದ ಒಬ್ಬ ಗಂಡಸಿಗೇ ಫೋನಿನ ಕೆಲಸ ಒಪ್ಪಿಸಿದ್ದೆವು.

"ಅಪ್ಪಾ ಫೋನ್ ಎತ್ತವಲ್ಲ," ಅಂದೆ.

ಅಜ್ಜಿಯ ಮುಷ್ಟಿ ಬಿಗಿಯಿತು. ಅರಿಷಿಣ ಬೆರಳ ಸಂದಿಗೆ ಬಂದಿತ್ತು.

ಆಗ ರಿಂಗ್. ಅಪ್ಪನ ನಂಬರ್. ಎತ್ತಿದರೆ ಅಕ್ಕನ ದನಿ, ಪಿಸುಮಾತು.

"ಮಾವನ ಕಿಸೆದಾಗಿಂದ ತಗೊಂಡೀನಿ. ನನ್ನ ಕೈಯಾಗಽ ಐತಿ. ಅಜ್ಜಿ ಕಿವೀಗಿ ಹಿಡಿ."

ಅಷ್ಟೇ. ಆಮೇಲೆ ಸೀರೆಯ ಸರಸರ, ಬಳೆ, ಅಯ್ಯನವರ ಮಂಗಳಾಷ್ಟಕ. ನಾನು ಸ್ಪೀಕರ್ ಹಾಕಿ ಎರಡೂ ಕೈಯಿಂದ ಫೋನನ್ನು ಅಜ್ಜಿಯ ಮುಖದ ಹತ್ತಿರ ಹಿಡಿದೆ. ಟಿ.ವಿ.ಯ ದನಿಯನ್ನು ಬೀರವ್ವ ಪೂರ್ತಿ ಕಡಿಮೆ ಮಾಡಿದಳು. ಅದರಲ್ಲಿ ಈಗಷ್ಟೇ ಅಕ್ಕ ಹಿಂದಕ್ಕೆ ಕೈ ಹಾಕಿ ಅಪ್ಪನ ಕಿಸೆ ತಡಕುತ್ತಿದ್ದಳು. ಹಿಂದೆ ನಿಂತವರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಒಂದೊಂದು ಪದ್ಯ ಮುಗಿದಾಗಲೂ ಸಾವಧಾನ ಎಂಬ ಕೂಗು. ಒಂದೊಂದಕ್ಕೂ ಅಜ್ಜಿ ನಾಲ್ಕೇ ಕಾಳು ಹಾಕಿದಳು. ಉಳಿದದ್ದು ಮುಷ್ಟಿಯಲ್ಲೇ. ಕಣ್ಣು ಮುಚ್ಚಿದ್ದಳು. ಕೊನೆಯ ಸಾವಧಾನ. ಫೋನಿನಲ್ಲಿ ಬ್ಯಾಂಡು ಒಡೆದ ಹಾಗೆ ಬಂತು. ಅಜ್ಜಿ ಕೈ ಎತ್ತಿ ಇಡೀ ಮುಷ್ಟಿ ಎಸೆದಳು. ಮಲಗಿದವಳ ಕೈಗೆ ಅಷ್ಟು ಬಲ ಎಲ್ಲಿತ್ತೋ, ಕಾಳು ಟಿ.ವಿ.ಯ ಗಾಜಿಗೆ ಟಪಟಪ ಬಡಿದವು. ಹೆಂಗಸರೂ ಹಾಕಿದರು. ಗಡಿಯಾರ ನೋಡಿದೆ. ಹನ್ನೆರಡೂ ಮೂವತ್ತೈದು, ಬರೋಬರ್.

ಗಾಜಿನ ಆಚೆ ಇನ್ನೂ ಲಗ್ನ ಆಗಿರಲಿಲ್ಲ. ಅಕ್ಕ, ಗಂಡು, ನಡುವೆ ಬಿಳಿ ಅಂತರಪಟ. ಅಜ್ಜಿ ಕಣ್ಣು ತೆರೆದು ಅದನ್ನೇ ನೋಡಿದಳು. ಅಳುತ್ತಿದ್ದಳು. ಮುಖ ಮಾತ್ರ ಹಗುರವಾಗಿತ್ತು.

ಆಮೇಲೆ ನನ್ನ ಕೈ ನೋಡಿದಳು. ಫೋನ್ ಹಿಡಿದೇ ಇದ್ದೆ.

"ನೀ ಹಾಕಲಿಲ್ಲ?"

ಕೈ ಖಾಲಿ ಇರಲಿಲ್ಲ ಅಂದೆ. ತಾಟಿನ ತಳದಿಂದ ಬಳಿದು ಒಂದು ಚಿಟಿಕೆ ಕೊಟ್ಟಳು. ನನ್ನ ಅಂಗೈಯನ್ನು ತಾನೇ ಬಿಡಿಸಿ.

"ಈಗ ಹಾಕು. ಅಲ್ಲಿ ನೋಡು, ಅಂತರಪಟ ಇನ್ನೂ ಇಳಿದಿಲ್ಲ."

"ತಡಾ ಆತಲ್ಲ ಅಜ್ಜಿ?"

"ನಾ ಟೈಮಿಗೆ ಹಾಕೇನಲೇ. ನನ್ನ ಹಿಂದ ನಿಂದು ಯಾವಾಗ ಬಂದ್ರೂ ನಡೀತದ."

ಇದನ್ನು ಅಜ್ಜಿಯೇ ಹೇಳಿದಳಾ ಅಂತ ಬೀರವ್ವನ ಮುಖ ನೋಡಿದೆ. ಬೀರವ್ವನೂ ಅಜ್ಜಿಯ ಮುಖ ನೋಡುತ್ತಿದ್ದಳು.

ಟಿ.ವಿ.ಯಲ್ಲಿ ಅಯ್ಯನವರ ತುಟಿ ನಿಂತಿತು. ಅಂತರಪಟ ಸರಿಯಿತು. ಮಂದಿಯ ಕೈ ಎಲ್ಲ ಮೇಲೆ. ಗೋಲ ಬರಲಿಲ್ಲ. ನಾನು ಹಾಕಿದೆ, ಅಜ್ಜಿ ನನ್ನ ಮೊಣಕೈ ಹಿಡಿದಿದ್ದಳು. ಕಾಳು ಬೀಳುವ ಹೊತ್ತಿಗೆ ಅಕ್ಕ ತಲೆ ಎತ್ತಿ ಕ್ಯಾಮೆರಾ ಕಡೆ, ಅಂದರೆ ನಮ್ಮ ಕಡೆ, ಆ ಫೋನನ್ನು ಎತ್ತಿ ತೋರಿಸಿ —

ಅಜ್ಜಿ ಕರೆಯುತ್ತಿದ್ದಾಳೆ. ಬೀರವ್ವ ಮನೆಗೆ ಹೋಗಿದ್ದಾಳೆ, ನಾನೇ ಹೊರಳಿಸಬೇಕಂತೆ. ಹೇಗೆ ಅಂತ ಅವಳೇ ಹೇಳುತ್ತಾಳಂತೆ. ಮೊದಲು ದಿಂಬು, ಆಮೇಲೆ ಕಾಲು. ಉಳಿದದ್ದು ಬಂದು ಬರೆಯುತ್ತೇನೆ.