ಹನ್ನೆರಡಕ್ಕೆ ಬೆಳಗಾಗುವ ಕೋಣೆ

8-2-1997, ಗುಬ್ಬಿ, ಬೆಳಗ್ಗೆ 9

ಬಲ್ಬಿನ ಟೈಮರ್ ಮತ್ತೆ ಎರಡು ಗಂಟೆ ಹಿಂದೆ. ನಿನ್ನೆ ಸಂಜೆ ಆರರಿಂದ ಎಂಟು ಲೋಡ್ ಶೆಡ್ಡಿಂಗ್. ಕರೆಂಟ್ ಹೋದರೆ ಟೈಮರೂ ನಿಲ್ಲುತ್ತದೆ, ಬಲ್ಬೂ ಆರುತ್ತದೆ. ಚಿಕ್ಕಬೀರಣ್ಣ ಸಾಕಿದ ಇಪ್ಪತ್ತು ಪಾರಿವಾಳಗಳಿಗೆ, ಅವರದೇ ಮನೆಯ ಕಿಟಕಿ ಮುಚ್ಚಿದ ಈ ಕೋಣೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಬೆಳಗು, ರಾತ್ರಿ ಹನ್ನೆರಡಕ್ಕೆ ಕತ್ತಲು. ಮೈಯೊಳಗಿನ ಗಡಿಯಾರ ಆರು ಗಂಟೆ ತಪ್ಪಿದರೆ ಸೂರ್ಯನನ್ನು ನೋಡಿ ಹಿಡಿಯುವ ಮನೆಯ ದಿಕ್ಕೂ ತಪ್ಪುತ್ತದೆಯೇ? ಅದನ್ನೇ ನೋಡಬೇಕು. ನಡುವೆ ಬೆಳಕು ಆರಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಗೈಡ್ ಗುರುಸಿದ್ದಯ್ಯ ಸರ್‌ಗೆ ಫೋನ್ ಮಾಡಿದೆ. "ಟೈಮರ್ ತಿರುಗ್ಸಿ ಸರಿ ಮಾಡ್ಕೋ ಅರುಣಾ. ಕರೆಂಟ್ ಹೋಯ್ತು ಅಂತ ಲ್ಯಾಬ್ ಬುಕ್ಕಲ್ಲಿ ಬರೀಬೇಡ. ಹೊರದೇಶದೋರು ನಗ್ತಾರೆ."

ಬರೆಯಲಿಲ್ಲ. ಇಲ್ಲಿ ಬರೆದಿದ್ದೇನೆ.

16-3-1997

ಕರೆಂಟ್ ಹೋದದ್ದು ಒಟ್ಟು ಹದಿನಾಲ್ಕು ದಿನ. ಆದರೂ ಫಲ ಬಂತು! ಹುಲಿಯೂರುದುರ್ಗದಲ್ಲಿ ಬಿಸಿಲಿನಲ್ಲಿ ಬಿಟ್ಟ ಪಾರಿವಾಳಗಳು ಉತ್ತರಕ್ಕೆ, ಗುಬ್ಬಿ ಕಡೆಗೆ, ಹಾರಬೇಕಿತ್ತು. ಸರಿಯಾಗಿ ಕಾಲು ಸುತ್ತು ತಪ್ಪಿ ಪೂರ್ವಕ್ಕೆ ಹೋದವು. ಮೋಡದ ದಿನ ಸೂರ್ಯನೇ ಇಲ್ಲ — ಭೂಮಿಯ ಕಾಂತಶಕ್ತಿ ಹಿಡಿದು ನೇರ ಮನೆಗೆ. ತಲೆಗೆ ಅಯಸ್ಕಾಂತ ಅಂಟಿಸಿದ್ದವು ಮಾತ್ರ ದಾರಿ ತಪ್ಪಿದವು. ಹೇಗೆ ಬಂತೋ ಇಷ್ಟು ಚೆಂದದ ಫಲ. ಬಸ್ಸಿನಲ್ಲಿ ಅಳು ಬಂತು, ಖುಷಿಗೆ.

19-11-1998

ಪೇಪರ್ ಅಚ್ಚಾಗಿದೆ. ಲೇಖಕರು ಗುರುಸಿದ್ದಯ್ಯ, ಮತ್ತು ಅವನ ಅಳಿಯ ರವೀಶ್. ನನ್ನ ಹೆಸರು ಹುಡುಕಿದೆ… ಕೊನೆಯ ಪುಟದ ವಂದನೆಯಲ್ಲೂ ಇಲ್ಲ. ಆ ರವೀಶ್ ಒಂದು ದಿನವೂ ಪಾರಿವಾಳದ ಹಿಕ್ಕೆ ಗುಡಿಸಿದವನಲ್ಲ.

ಗುರುಸಿದ್ದಯ್ಯನನ್ನೇ ಕೇಳಲು ಹೋದೆ. "ನೀನು ಎಣಿಸ್ದೆ ಅಷ್ಟೇ ಕಣಮ್ಮ. ಯೋಚ್ನೆ ನಂದು."

ಇವನನ್ನು ಬಿಡುವುದಿಲ್ಲ.

12-6-1999, ಶಿರಾ ಗೇಟ್, ತುಮಕೂರು

ಸಂಶೋಧನೆ ಬಿಟ್ಟು ಸೇರಿದ ಟ್ಯುಟೋರಿಯಲ್‌ನಲ್ಲಿ ಎರಡು ಬ್ಯಾಚ್ ಪಾಠ ಮುಗಿಸಿ ಈ ಡೈರಿ ತಿರುವಿದೆ. ಗುರುಸಿದ್ದಯ್ಯ ಪೇಪರಿನಲ್ಲಿ ಬರೆದುಕೊಂಡಿದ್ದಾನೆ — ಮೂವತ್ತು ದಿನವೂ ಬೆಳಕು ಒಂದು ನಿಮಿಷ ತಪ್ಪಿಲ್ಲವಂತೆ. ನನ್ನ ಹತ್ತಿರ ಕರೆಂಟ್ ಹೋದ ಹದಿನಾಲ್ಕು ತಾರೀಖು! ಒಬ್ಬಳೇ ಕೂತು ನಕ್ಕೆ. ಮಾಡಿದ್ದುಣ್ಣೋ ಮಹಾರಾಯ.

ನನ್ನ ಕೆಲಸವೂ ಅವನ ಜೊತೆ ಸುಟ್ಟುಹೋಗುತ್ತದೆ. ಹೋಗಲಿ. ಅವನು ಸುಡುವುದನ್ನು ಕಣ್ಣಾರೆ ನೋಡಬೇಕು.

28-8-1999

ಸೆಪ್ಟೆಂಬರ್ 4ಕ್ಕೆ ತುಮಕೂರಲ್ಲಿ ಸೆಮಿನಾರ್. ಆ ಮುದುಕ ಗುರುಸಿದ್ದಯ್ಯನದೇ ಭಾಷಣ, ಆಮೇಲೆ ಪ್ರಶ್ನೆಗೆ ಅವಕಾಶ. ನನ್ನ ಹೆಸರು ಕೊಟ್ಟೆ. ಗುಬ್ಬಿಗೆ ಕಾರ್ಡ್ ಹಾಕಿದೆ: ಚಿಕ್ಕಬೀರಣ್ಣ, ಕರೆಂಟ್ ಹೋಗುತ್ತಿತ್ತು ಎಂದು ಹೇಳಲು ಸಾಕ್ಷಿಗೆ ಬನ್ನಿ.

4-9-1999, ಬೆಳಗ್ಗೆ 10.15

ಚಿಕ್ಕಬೀರಣ್ಣ ಬಂದಿದ್ದಾರೆ. ಒಗೆದ ಅಂಗಿ, ಕೈಯಲ್ಲಿ ಗೋಣಿಚೀಲ. ಏನದು ಎಂದೆ.

"ಪೆಟ್ರೋಮ್ಯಾಕ್ಸ್ ಕಣವ್ವ. ಸಾಕ್ಷಿ ಬೇಕು ಅಂದ್ರಲ್ಲ. ನೀವು ಐದ್ರ ಬಸ್ಸಿಗೆ ಹೊಂಟೋಗ್ತಿದ್ರಿ. ಕರೆಂಟ್ ಹೋದ್ ತಕ್ಷಣ ಇದ್ನ ಹಚ್ಚಿಡ್ತಿದ್ದೆ. ಪಾಪ, ಅವಕ್ಕೆ ನಡುಹಗ್ಲಲ್ಲೇ ಕತ್ಲಾಗ್ಬಾರ್ದಲ್ವ? ಟೈಮರ್ ಹಿಂದೆ ಬಿದ್ದಿರ್ತಿತ್ತು, ರಾತ್ರಿ ಹನ್ನೆರಡಕ್ಕೆ ಎದ್ದು ನಾನೇ ಬಲ್ಬ್ ಆರುಸ್ತಿದ್ದೆ. ಒಂದಿನಾನೂ ತಪ್ಪಿಲ್ಲ."

"ಯಾಕೆ ಹೇಳ್ಲಿಲ್ಲ ನಂಗೆ?"

"ನೀವು ಕೇಳ್ಲಿಲ್ಲ ಬುಡವ್ವ."

ಹಾಗಾದರೆ ಎಲ್ಲ ನಿಜ. ನನ್ನ ಒಂದೊಂದು ಅಂಕಿಯೂ ಸರಿ. ಬೇರೆ ದಿನವಾಗಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆ. ಇವತ್ತು, ಚೀಲ ಹೊರಗೆ ಇಟ್ಟು ಬನ್ನಿ, ದೀಪದ ಮಾತು ಎತ್ತಬೇಡಿ ಎಂದೆ. ಮುಖ ನೋಡಿದರು. "ಸುಳ್ಳು ಹೇಳೋಕಾ ಕರೆಸಿದ್ದು ನನ್ನ?"

11.40

ಚಪ್ಪಾಳೆ. ಮುದುಕ ನನ್ನ ಅಂಕಿಗಳನ್ನು ನನ್ನೆದುರೇ ಓದಿದ. ರವೀಶ್ ಮುಂದಿನ ಸಾಲಿನಲ್ಲಿ ನಗುತ್ತಿದ್ದಾನೆ. ಚಿಕ್ಕಬೀರಣ್ಣ ಕೊನೆಯ ಸಾಲಿನಲ್ಲಿ, ಚೀಲ ತೊಡೆಯ ಮೇಲೇ. ಹೊರಗೆ ಇಟ್ಟಿಲ್ಲ.

ನನ್ನ ಹೆಸರು ಕರೆದರು. ತಾರೀಖು ಓದುತ್ತೇನೆ, ಹದಿನಾಲ್ಕೂ. ಬೇರೆ ಬೆಳಕು ಇತ್ತೇ ಎಂದು ಯಾರಾದರೂ ಕೇಳಿದರೆ ಇರಲಿಲ್ಲ ಎಂದು ಹೇಳಿ… ಅಯ್ಯೋ, ಚಿಕ್ಕಬೀರಣ್ಣ ಎದ್ದು ನಿಂತರು, ಚೀಲದ ಬಾಯಿ ಬಿಚ್ಚುತ್ತಿದ್ದಾರೆ…