ಮೊರದಲ್ಲಿ ಹರಡಿದ ಜೋಳ

ಮಾನ್ವಿ, ೧೯೪೮

ಯಮನಮ್ಮಾ,

ಬದುಕಿದ್ದಾಗಲೂ ನಿನಗೆ ಓದು ಬರುತ್ತಿರಲಿಲ್ಲ. ಈಗಂತೂ ನೀನೇ ಇಲ್ಲ. ಆದರೂ ಇವತ್ತು ನಿನ್ನ ಶರಣಿ ಮಾಡಿದ್ದನ್ನು ಇನ್ನಾರಿಗೆ ಹೇಳಲಿ?

ರಜಾಕಾರರ ಗದ್ದಲಕ್ಕೆ ಹೆದರಿ ದೇವದುರ್ಗದ ಕಡೆಯಿಂದ ಬಂದ ಬಾಣಂತಿಯೊಬ್ಬಳು ನಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಶರಣಿ ಅವಳನ್ನು ನೋಡಿದ್ದೇ ಮೊರ ತಂದು, ಜೋಳ ಹರಡಿ, ಹೊಸ್ತಿಲ ಮೇಲಿಟ್ಟಳು. ನೀನು ಹೆತ್ತ ಶರಣಿಯನ್ನು ಹೀಗೇ ಮೊರದಲ್ಲಿ ಮಲಗಿಸಿ ಹೊಸ್ತಿಲಾಚೆಯಿಂದಲೇ ನನಗೊಪ್ಪಿಸಿದೆಯೆಂದು ಅವಳಿಗೆ ನಾನೇ ಕಥೆಯಂತೆ ಹೇಳುತ್ತ ಬಂದಿದ್ದೆನಲ್ಲ, ಕೂಸುಗಳೆಲ್ಲ ಮನೆಗೆ ಬರುವುದೇ ಹಾಗೆಂದು ತಿಳಿದಿದ್ದಾಳೆ.

“ಕೂಸ್ನ ಇದರಾಗ ಮಲಗಸ್ರಿ. ನಮ್ಮವ್ವ ಎತ್ತಿ ಒಳಗ ಒಯ್ತಾಳ.”

ಆ ಹೆಂಗಸು ಕೂಸನ್ನು ಎದೆಗೆ ಅವುಚಿಕೊಂಡು ಎದ್ದು ನಿಂತಳು. “ಕೊಡಾಕ ಬಂದಿಲ್ಲ ಯವ್ವಾ. ನೆಳ್ಳಿಗೆ ಕುಂತೀನಿ ಅಷ್ಟ.”

ಶರಣಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಮೊರವನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟಳು.

“ಹಂಗಾದ್ರ ಇಬ್ಬರೂ ಬರ್ರಿ.”

ಏಳು ವರ್ಷದ ಹುಡುಗಿ, ಯಮನಮ್ಮಾ. ನಾನು ಬಾಗಿಲಿಗಡ್ಡ ನಿಂತಿದ್ದೆ. ನಾನೂ ಪಕ್ಕಕ್ಕೆ ಸರಿದೆ.

ಈಗ ಕೂಸು ಶರಣಿಯ ಹಳೆಯ ತೊಟ್ಟಿಲಲ್ಲಿದೆ. ಕೆಳಗೆ ಚಾಪೆಯ ಮೇಲೆ ಅದರ ತಾಯಿಗೆ ಗಾಢ ನಿದ್ದೆ. ಇಬ್ಬರನ್ನೂ ನೋಡುತ್ತ ಕೂತಿದ್ದ ಶರಣಿ ನನ್ನ ಸೆರಗು ಜಗ್ಗಿ ಮೆಲ್ಲಗೆ ಕೇಳಿದಳು:

“ಅವ್ವಾ, ನನ್ನ ತಂದುಕೊಟ್ಟಾಕಿ ಅವತ್ತು ಎಲ್ಲಿ ಮಲಗಿದ್ಳು?”