ಹಿಂದಿನ ಸೀಟಿನ ಮಾಮಿ

ಬ್ಲ್ಯಾಕ್‌ಟೌನ್, ಸಿಡ್ನಿ
(ಡ್ರೈವಿಂಗ್ ಟೆಸ್ಟ್ ಕಚೇರಿಯ ಹೊರಗಿನ ಬೆಂಚು)
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಮಾಮೀ,

ಕಾಗದದಲ್ಲಿ 'ಪೂಜ್ಯ ಅತ್ತೆಯವರಿಗೆ' ಎಂದು ಬರೆಯಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಹಾಗೆ ಬರೆದು ನೋಡಿದೆ, ಬೇರೆ ಯಾರದೋ ಅತ್ತೆಗೆ ಬರೆದ ಹಾಗೆ ಕಂಡಿತು. ಹರಿದು ಹಾಕಿ ಮಾಮಿ ಎಂದೇ ಶುರು ಮಾಡಿದ್ದೇನೆ. ಹೇಗಿದ್ದೀರಿ? ಮೊಣಕಾಲಿನ ನೋವು ಹೇಗಿದೆ? ಬಿಪಿ ಮಾತ್ರೆಯನ್ನು ಬೆಳಿಗ್ಗೆಯೇ ತೆಗೆದುಕೊಳ್ಳುತ್ತೀರೋ ಅಥವಾ ಇಲ್ಲಿಯ ಹಾಗೆ ನೆನಪಾದಾಗಲೋ? ನಿರೀಕ್ಷಾಳ ಊರು ವೆರಿಬೀಯ ಗಾಳಿ ಕೆಟ್ಟದ್ದು, ಅವಳು ತಂದುಕೊಟ್ಟ ಸ್ವೆಟರನ್ನು 'ಚುಚ್ಚುತ್ತದೆ' ಎಂದು ಮಡಿಸಿ ಇಟ್ಟಿರುತ್ತೀರಿ, ನನಗೆ ಗೊತ್ತು. ದಯವಿಟ್ಟು ಹಾಕಿಕೊಳ್ಳಿ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮ ಮಗ ಸುಕೇಶ್ ಈಗ ತಾವೇ ಒಗ್ಗರಣೆ ಹಾಕುತ್ತಾರೆ, ದಿನವೂ ಹೊಗೆಯ ಅಲಾರಂ ಕೂಗುತ್ತದೆ. ನಿಮ್ಮ ಕರಿಬೇವಿನ ಗಿಡವನ್ನು ಚಳಿಗೆ ಒಳಗೆ ತಂದಿಟ್ಟಿದ್ದೆ, ಈಗ ಹೊಸ ಎಲೆ ಬಂದಿದೆ.

ಫೋನಿರುವಾಗ ಕಾಗದ ಯಾಕೆ ಎಂದು ಕೇಳಬೇಡಿ. ಅದ್ವಿಕ್‌ನ ಬರ್ತ್‌ಡೇ ಮುಗಿಸಿ ಹತ್ತು ದಿನದಲ್ಲಿ ಬರುತ್ತೇನೆಂದು ಮಗಳು ನಿರೀಕ್ಷಾಳ ಮನೆಗೆ ಹೋದವರು ನೀವು. ಹನ್ನೊಂದು ವಾರವಾಯಿತು. ನಾನು ಫೋನ್ ಮಾಡಿದಾಗಲೆಲ್ಲ ಮೊಮ್ಮಗನ ಕೈಗೆ ಕೊಡುತ್ತೀರಿ, ಅವನು 'ಅಜ್ಜಿ ಈಸ್ ಇನ್ ದ ಶವರ್' ಎನ್ನುತ್ತಾನೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮೂರು ಹೊತ್ತೂ ಸ್ನಾನ ಮಾಡುವ ಅಜ್ಜಿ ಇಡೀ ಆಸ್ಟ್ರೇಲಿಯಾದಲ್ಲಿ ನೀವೊಬ್ಬರೇ ಇರಬೇಕು. ಕಾಗದವನ್ನು ಅವನ ಕೈಗೆ ಕೊಟ್ಟರೂ ಪ್ರಯೋಜನವಿಲ್ಲ, ಅವನಿಗೆ ಕನ್ನಡ ಓದಲು ಬರುವುದಿಲ್ಲ. ಓದುವವರು ನೀವೇ.

ಸುದ್ದಿ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಹೇಳಿಬಿಡುತ್ತೇನೆ. ನಮ್ಮ ಡ್ರೈವಿಂಗ್ ಸ್ಕೂಲಿನ ಇಂಟರ್ನೆಟ್ ಪುಟ ವಾಪಸ್ ಬಂತು! ಮಂಗಳವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ. ಕಾರು ಬದಿಗೆ ನಿಲ್ಲಿಸಿ ನೀರು ಕುಡಿಯುತ್ತಿದ್ದೆ, ಮೆಸೇಜ್ ಬಂತು, ನೋಡಿದೆ, ಕಿರುಚಿದೆ. ಪಕ್ಕದಲ್ಲಿ ಕಲಿಯಲು ಕೂತಿದ್ದ ಹುಡುಗಿ ಇಂಜಿನ್ ಆಫ್ ಆಗಿದ್ದರೂ ಹೆದರಿ ಬ್ರೇಕ್ ಒತ್ತಿದಳು. ಒಳ್ಳೆಯ ಅಭ್ಯಾಸವೇ, ಹೊಗಳಿದೆ.

ಮೊದಲಿನಿಂದ ಬರೆಯುತ್ತೇನೆ, ಯಾಕೆಂದರೆ ನಿಮಗೆ ಗೊತ್ತಿರುವುದು ಅರ್ಧ ಮಾತ್ರ. ಆಗಸ್ಟ್‌ನಲ್ಲಿ ನಮ್ಮ ತುಳುವರ ಕೂಟದ ಆಟಿ ತಿಂಗಳ ಊಟ ನೆನಪಿದೆಯಲ್ಲ? ಪತ್ರೊಡೆ ಖಾಲಿಯಾಗಿ ಇನ್ನೇನು ಪಾಯಸ ಬರಬೇಕು ಅನ್ನುವಾಗ ನೀವು ಮೈಕ್ ಹಿಡಿದಿರಿ. 'ನಮ್ಮ ಅಶ್ವಿತಾಳ ಸ್ಕೂಲಿಗೆ ಎಲ್ಲರೂ ಐದು ಸ್ಟಾರ್ ಒತ್ತಬೇಕು, ಒತ್ತದವರಿಗೆ ಪಾಯಸ ಇಲ್ಲ' ಎಂದಿರಿ. ನಾನು ಆಗ ಸಭಾಂಗಣದ ಹೊರಗೆ ಕಾರು ತೆಗೆಯಲು ಹೋಗಿದ್ದೆ, ಗೊತ್ತೇ ಆಗಲಿಲ್ಲ. ನಲವತ್ತು ನಿಮಿಷದಲ್ಲಿ, ಒಂದೇ ಸಭಾಂಗಣದ ಒಂದೇ ವೈಫೈಯಿಂದ, ಅರುವತ್ತನಾಲ್ಕು ಜನ ಐದು ಸ್ಟಾರ್ ಒತ್ತಿದರು. ನಮ್ಮವರು ಪಾಯಸ ಬಿಡುವವರಲ್ಲ. ನಲವತ್ತು ವರ್ಷದಿಂದ ಕಾರು ಓಡಿಸುವ ಕೊರಗಪ್ಪ ಅಂಕಲ್ 'ಒಳ್ಳೆಯ ಹುಡುಗಿ, ಒಳ್ಳೆಯ ಮನೆತನ, ನೀರುದೋಸೆಯೂ ಚೆನ್ನಾಗಿ ಮಾಡುತ್ತಾಳೆ' ಎಂದು ಬರೆದರು. ಇನ್ನೊಬ್ಬರು ನಮ್ಮ ಮಾವನವರನ್ನು ಕಾಪುವಿನ ಬಸ್‌ಸ್ಟ್ಯಾಂಡಿನಿಂದಲೇ ಬಲ್ಲೆ ಎಂದು ಬರೆದರು. ಡ್ರೈವಿಂಗ್ ಬಗ್ಗೆ ಯಾರೂ ಒಂದಕ್ಷರ ಬರೆಯಲಿಲ್ಲ. ನಾವು ದುಡ್ಡು ಕೊಟ್ಟು ಹೊಗಳಿಕೆ ಕೊಂಡಿದ್ದೇವೆ ಎಂದು ಆ ಪುಟ ನಡೆಸುವ ದೊಡ್ಡ ಕಂಪನಿಯ ಯಂತ್ರಕ್ಕೆ ಅನ್ನಿಸಿತು, ಆಮೇಲಿನ ಮಂಗಳವಾರವೇ ಪುಟಕ್ಕೆ ಬೀಗ ಬಿತ್ತು. ಯಂತ್ರದ ತಪ್ಪೆಂದು ಹೇಗೆ ಹೇಳಲಿ, ನನಗೂ ಹಾಗೆಯೇ ಅನ್ನಿಸುತ್ತಿತ್ತು.

ಆಮೇಲೆ ಅಡುಗೆಮನೆಯಲ್ಲಿ ನಾನು ನಿಮಗೆ ಏನು ಹೇಳಿದೆ ಎಂಬುದು ನಮ್ಮಿಬ್ಬರಿಗೂ ಗೊತ್ತು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ, ಧೈರ್ಯ ಸಾಲುತ್ತಿಲ್ಲ.

ಹೊಸಬರು ನಮ್ಮನ್ನು ಹುಡುಕುವುದೇ ಆ ಪುಟದಲ್ಲಿ. ಅದು ಹೋದ ಮೇಲೆ ಫೋನ್ ಸತ್ತ ಹಾಗಾಯಿತು. ಸೆಪ್ಟೆಂಬರ್‌ನಲ್ಲಿ ಒಂದು ವಾರ ಇಡೀ ಮೂರೇ ಪಾಠ. ಕಂಪನಿಗೆ ಬರೆದೆ, ಪ್ರತಿ ಸಲ ಅದೇ ಉತ್ತರ ಬಂತು, ಯಂತ್ರವೇ ಬರೆದದ್ದು. ಸುಕೇಶ್ ಮೆಲ್ಲಗೆ, ನನ್ನ ಮುಖ ನೋಡದೆ, ಪಾಠಕ್ಕೆಂದು ಕೊಂಡ ಎರಡು ಬ್ರೇಕಿನ ಕಾರು ಮಾರಿಬಿಡೋಣವಾ ಎಂದು ಕೇಳಿದರು. ವೇರ್‌ಹೌಸಿನ ಪ್ಯಾಕಿಂಗ್ ಕೆಲಸಕ್ಕೆ ವಾಪಸ್ ಹೋಗುವುದೆಂದು ನಾನೂ ಮನಸ್ಸು ಮಾಡಿದ್ದೆ.

ಆಗ ಲೈಬ್ರರಿಯಲ್ಲಿ ಒಂದು ಕರಪತ್ರ ಸಿಕ್ಕಿತು. ಸಣ್ಣ ವ್ಯಾಪಾರಗಳಿಗೆ, ಮನೆಮಂದಿ ನಡೆಸುವ ವ್ಯಾಪಾರಗಳಿಗೆ ಅಂತಲೇ ಇಲ್ಲಿ ಸರಕಾರದ ಒಬ್ಬ ಒಂಬುಡ್ಸ್‌ಮನ್ ಇದ್ದಾರೆ, ಅವರದೊಂದು ಕಚೇರಿ ಇದೆ. ಫೀಸ್ ಇಲ್ಲ. ನಿಮಗೆ ಅರ್ಥವಾಗುವ ಹಾಗೆ ಹೇಳುವುದಾದರೆ ಊರಿನಲ್ಲಿ ಜಗಳ ಬಗೆಹರಿಸುವ ಗುರಿಕಾರರ ಹಾಗೆ. ದಂಡ ಹಾಕುವ ಅಧಿಕಾರವಿಲ್ಲ, ಪೊಲೀಸರಲ್ಲ, ಕೋರ್ಟೂ ಅಲ್ಲ. ಆದರೆ ದೊಡ್ಡವನನ್ನೂ ಸಣ್ಣವನನ್ನೂ ಒಂದೇ ಚಾಪೆಯಲ್ಲಿ ಕೂರಿಸಿ ಮಾತಾಡಿಸುತ್ತಾರೆ. ಫಾರ್ಮ್ ತುಂಬಿ ಕಳಿಸಿದೆ. ಉತ್ತರ ಬರುತ್ತದೆಂಬ ನಂಬಿಕೆ ಖಂಡಿತ ಇರಲಿಲ್ಲ. ಮೂರನೆಯ ದಿನ ಆ ಕಚೇರಿಯಿಂದ ಹೀದರ್ ಎಂಬವರು ಫೋನ್ ಮಾಡಿದರು, ನಿಜವಾದ ಮನುಷ್ಯರು, ಕೆಮ್ಮು ಬೇರೆ ಇತ್ತು. ನನಗೆ ಅಳುವೇ ಬಂತು ಮಾಮೀ, ಒಬ್ಬರ ಕೆಮ್ಮು ಕೇಳಿ ಅಷ್ಟು ಸಂತೋಷವಾದದ್ದು ಅದೇ ಮೊದಲು.

ಅವರ ಮೊದಲ ಪ್ರಶ್ನೆಯೇ, ಆ ಹೊಗಳಿಕೆಗಳು ನಿಜವಾ ಎಂದು. 'ಯಾರೋ ಹ್ಯಾಕ್ ಮಾಡಿದ್ರು ಅಂತ ಹೇಳು ಮಾರಾಯ್ತಿ' ಎಂದು ಕೊರಗಪ್ಪ ಅಂಕಲ್ ಪಾಠ ಹೇಳಿಕೊಟ್ಟಿದ್ದರು. ಬಾಯಿಗೆ ಬರಲಿಲ್ಲ. ಆಟಿಯ ಊಟ, ಮೈಕ್, ಪಾಯಸ, ಎಲ್ಲವನ್ನೂ ಹೇಳಿದೆ. ಅವರು ಎಲ್ಲವನ್ನೂ ಬರೆದುಕೊಂಡರು. ಆಮೇಲೆ ಪಾಯಸ ಅಂದರೇನು ಎಂದು ಕೇಳಿದರು. ಕಂಪನಿಗೆ ಆಜ್ಞೆ ಮಾಡಲು ನಮಗೆ ಆಗುವುದಿಲ್ಲ, ಆದರೆ ಅಲ್ಲಿ ಮನುಷ್ಯರು ಕೂರುವ ಮೇಜು ಯಾವುದೆಂದು ಗೊತ್ತು, ಅಲ್ಲಿಗೆ ನಿನ್ನ ಕಾಗದ ತಲುಪಿಸುತ್ತೇವೆ, ಕಾಗದ ಮಾತ್ರ ಶುದ್ಧವಾಗಿರಬೇಕು ಎಂದರು. ಅಂದರೆ ಅರುವತ್ತನಾಲ್ಕರಲ್ಲಿ ನಿಜವಾಗಿ ನನ್ನಲ್ಲಿ ಕಲಿತವರ ಪಟ್ಟಿ ಮಾಡಬೇಕು, ಉಳಿದವರು ತಮ್ಮ ಸ್ಟಾರನ್ನು ತಾವೇ ಅಳಿಸಬೇಕು. ಕಲಿತವರು ಒಂಬತ್ತೇ ಜನ.

ಐವತ್ತೈದು ಜನರ ಮನೆಗೆ ಹೋದೆ. ಶನಿವಾರ, ಭಾನುವಾರ, ಮದುವೆಗೆ ಕರೆಯಲು ಹೋಗುವ ಹಾಗೆ, ಕೈಯಲ್ಲಿ ಹಣ್ಣು ಹಿಡಿದು. ನಿಮ್ಮ ಹೊಗಳಿಕೆ ವಾಪಸ್ ತೆಗೆದುಕೊಳ್ಳಿ ಎಂದು ಕೇಳುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಹೆಚ್ಚಿನವರು ನಕ್ಕು ಅಲ್ಲೇ ಅಳಿಸಿದರು. ಕೊರಗಪ್ಪ ಅಂಕಲ್‌ಗೆ ಮಾತ್ರ ಸಿಟ್ಟು ಬಂತು, 'ಮದುವೆಗೆ ಕೊಟ್ಟ ಉಡುಗೊರೆ ಯಾರಾದ್ರೂ ಮರ್ಲಿ ಕೊಡ್ತಾರಾ? ನಾನು ಒಂದು ಕ್ಲಾಸ್ ತಕೊಳ್ತೇನೆ, ಆಗ ಸತ್ಯ ಆಯ್ತಲ್ಲ' ಎಂದು ಹಟ ಹಿಡಿದು ಬಂದು ಕಾರಿನಲ್ಲಿ ಕೂತರು. ಮಾಮೀ, ನಲವತ್ತು ವರ್ಷದಲ್ಲಿ ಅವರು ಒಂದು ಸಲವೂ ಲೇನ್ ಬದಲಿಸುವಾಗ ಭುಜದ ಮೇಲಿಂದ ಕತ್ತು ತಿರುಗಿಸಿ ಹಿಂದೆ ನೋಡಿದವರಲ್ಲ! ಒಂದು ಗಂಟೆಯಲ್ಲಿ ಆರು ಸಲ ನನ್ನ ಬ್ರೇಕ್ ಒತ್ತಬೇಕಾಯಿತು. ಇಳಿಯುವಾಗ ಬೆವರು ಒರೆಸಿಕೊಂಡು ತಾವೇ ಫೋನ್ ತೆಗೆದು ಅಳಿಸಿದರು. ಈಗ ತಮ್ಮ ಹೆಂಡತಿಯನ್ನೂ ನನ್ನ ಪಾಠಕ್ಕೆ ಸೇರಿಸಿದ್ದಾರೆ.

ಇನ್ನು ಮುಖ್ಯವಾದದ್ದು. ನಿಜವಾದ ವಿದ್ಯಾರ್ಥಿಗಳಿಂದ ಒಂದೆರಡು ಸಾಲು ಬರೆಸಿ ಕಳಿಸು ಎಂದು ಹೀದರ್ ಹೇಳಿದ್ದರು. ಹಳಬರಿಗೆಲ್ಲ ಕೇಳಿದೆ, ಇಪ್ಪತ್ತಮೂರು ಜನ ಬರೆದುಕೊಟ್ಟರು. ಓದದೆ ಕಳಿಸಿಬಿಟ್ಟೆ, ನಾಚಿಕೆ, ನನ್ನದೇ ಹೊಗಳಿಕೆ ನಾನು ಓದುವುದೇನು ಎಂದು. ಮರುದಿನ ಹೀದರ್ ಫೋನ್ ಮಾಡಿ, ಹಿಂದಿನ ಸೀಟಿನಲ್ಲಿ ಕೂರುವ ಆಂಟಿ ಯಾರು ಎಂದು ಕೇಳಿದರು. ಓದಿ ಹೇಳುತ್ತೇನೆ ಎಂದೆ. ಆಮೇಲೆ ಕೂತು ಓದಿದೆ. ಇಪ್ಪತ್ತಮೂರರಲ್ಲಿ ಹದಿನೇಳು ಕಾಗದ ನಿಮ್ಮ ಬಗ್ಗೆ ಮಾಮೀ. ಪಂಜಾಬಿ ಹುಡುಗಿಯೊಬ್ಬಳು, ಕಾರಿನೊಳಗೆ ಇನ್ನೊಬ್ಬ ಅತ್ತೆ ಇದ್ದಾರೆಂದು ತಿಳಿದ ಮೇಲೆಯೇ ತನ್ನ ಅತ್ತೆ ಕಲಿಯಲು ಬಿಟ್ಟರು ಎಂದು ಬರೆದಿದ್ದಾಳೆ. ವೆರೋನಿಕಾ ನರ್ಸ್ ಬರೆದದ್ದು ನೋಡಿ, 'ತಪ್ಪು ಮಾಡಿದರೆ ಟೀಚರ್ ಬೈಯುತ್ತಾರೆ, ಆಂಟಿ ಹಿಂದಿನಿಂದ ಏಲಕ್ಕಿ ಕೊಡುತ್ತಾರೆ.' ದೊಡ್ಡ ಸರ್ಕಲ್ಲಿನಲ್ಲಿ ಹೆದರಿ ಅತ್ತಾಗ ಭುಜದ ಮೇಲೆ ಒಂದು ಕೈ ಬಂತು, ಅದು ಟೀಚರದ್ದಲ್ಲ ಎಂದು ಒಬ್ಬರು. 'ಮೆಲ್ಲ ಪೋಲ ಮಗಾ' ಎಂಬ ನಿಮ್ಮ ತುಳು ಮಾತನ್ನು ನಾಲ್ಕು ಜನ ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಥರ ಬರೆದಿದ್ದಾರೆ. ಮೆಲ್ಲಗೆ ಹೋಗು ಮಗಾ ಎಂಬ ಅರ್ಥ ಯಾರಿಗೂ ಗೊತ್ತಿಲ್ಲ, ಅದನ್ನು ಕೇಳಿದರೆ ಕಾಲು ನಡುಗುವುದು ನಿಲ್ಲುತ್ತದೆ ಎಂದಿದ್ದಾರೆ.

ನೀವು ಮೊದಲ ಸಲ ಕಾರು ಹತ್ತಿದ್ದು ನೆನಪಿದೆ. ಮನೆಯಲ್ಲಿ ಗೋಡೆ ನೋಡಿ ಎಷ್ಟು ಕೂರುವುದು ಎಂದಿರಿ, ನಾನು ಮುಖ ಗಂಟುಹಾಕಿ ಹಿಂದಿನ ಬಾಗಿಲು ತೆಗೆದೆ. ಆ ಕಚೇರಿಯ ಫಾರ್ಮಿನಲ್ಲೂ 'ಈ ವ್ಯಾಪಾರದಲ್ಲಿ ಎಷ್ಟು ಜನ ಕೆಲಸ ಮಾಡುತ್ತೀರಿ' ಎಂಬಲ್ಲಿ ಒಂದು ಎಂದು ಬರೆದಿದ್ದೆ. ಆ ಆಂಟಿ ಯಾರು ಎಂಬುದಕ್ಕೆ ಉತ್ತರ ಹೇಳಿದ ಮೇಲೆ ಹೀದರ್, ಹಾಗಾದರೆ ಈ ಸಂಖ್ಯೆ ಸರಿಯಾ ಎಂದು ಕೇಳಿದರು. ಮೃದುವಾಗಿಯೇ ಕೇಳಿದರು, ಆದರೂ ನನ್ನ ಕಿವಿ ಬಿಸಿಯಾಯಿತು. ಎರಡು ಎಂದು ತಿದ್ದಿಸಿದೆ. ಹೆಸರು ಪ್ರೇಮಾವತಿ, ಸಂಬಂಧ ಅತ್ತೆ.

ಹೀದರ್ ಎಲ್ಲವನ್ನೂ ಕಂಪನಿಯ ಆ ಮೇಜಿಗೆ ತಲುಪಿಸಿದರು, ಅಲ್ಲಿಯ ಮನುಷ್ಯರು ಓದಿ ಬೀಗ ತೆಗೆದರು. ಪುಟ ಬಂದ ಈ ಮೂರು ದಿನದಲ್ಲಿ ಹನ್ನೊಂದು ಹೊಸಬರು ಫೋನ್ ಮಾಡಿದ್ದಾರೆ. ಅದರಲ್ಲಿ ನಾಲ್ವರ ಮೊದಲ ಪ್ರಶ್ನೆ, ಆಂಟಿ ಇರುತ್ತಾರಲ್ಲ? ಆಂಟಿ ಊರಿಗೆ ಹೋಗಿದ್ದಾರೆ ಎಂದು ನಾನು ಸುಳ್ಳು ಹೇಳಿದೆ. ಸರಕಾರದವರಿಗೆ ನಿಜ ಹೇಳಿದವಳು ಗಿರಾಕಿಗಳಿಗೆ ಸುಳ್ಳು ಹೇಳುತ್ತಿದ್ದೇನೆ, ನಿಮ್ಮಿಂದಾಗಿ.

ಈಗ ಯಾಕೆ ಬೆಂಚಿನಲ್ಲಿ ಕೂತಿದ್ದೇನೆ ಗೊತ್ತಾ? ಶಿವಲಿಂಗವ್ವನವರು ನಮ್ಮ ಕಾರಿನಲ್ಲಿ ಟೆಸ್ಟಿಗೆ ಹೋಗಿದ್ದಾರೆ. ಹುಬ್ಬಳ್ಳಿ ಕಡೆಯವರು, ಮಗನ ಮನೆಯಲ್ಲಿರುವವರು, ನಿಮಗೆ ಪ್ರತಿ ವಾರ ಶೇಂಗಾ ಚಟ್ನಿ ತರುತ್ತಿದ್ದವರು. ನೀವು ಹೋದ ಮೇಲೆ ಎರಡು ಸಲ ಫೇಲಾದರು. 'ನಿಮ್ಮತ್ತಿ ಹಿಂದ ಕುಂತ್ರ ನಮ್ಮವ್ವ ಕುಂತಂಗ ಆಗತಿತ್ರೀ, ಈಗ ಹಿಂದ ನೋಡಿದ್ರ ಬರೇ ಸೀಟ್ ಕಾಣ್ತೈತಿ' ಎಂದು ಮೊನ್ನೆ ಕಣ್ಣೊರೆಸಿಕೊಂಡರು. ನಾನು ಇಂಡಿಕೇಟರ್ ಹಾಕಿ ಎಂದೆ. ಟೆಸ್ಟಿನ ಹೊತ್ತಿಗೆ ನಿಮ್ಮನ್ನೂ ಒಳಗೆ ಬಿಡುವುದಿಲ್ಲ ಎಂದರೂ ಅವರಿಗೆ ಸಮಾಧಾನವಿಲ್ಲ. ಇವತ್ತು ನಿಮ್ಮ ನೀಲಿ ಶಾಲನ್ನು ಹಿಂದಿನ ಸೀಟಿನಲ್ಲಿ ಮಡಿಸಿಟ್ಟು ಕಳಿಸಿದ್ದೇನೆ. ಪರೀಕ್ಷೆಯವರು ಅದೇನೆಂದು ಕೇಳಿದರು, ನಮ್ಮ ಸ್ಟಾಫಿನದ್ದು ಎಂದೆ.

ಅದೋ, ನಮ್ಮ ಬಿಳಿ ಕಾರು ತಿರುವಿನಲ್ಲಿ ಕಾಣುತ್ತಿದೆ, ಭುಜದ ಮೇಲಿಂದ ಹಿಂದೆ ನೋಡಿದರು, ಸರಿಯಾಗಿ ನೋಡಿದರು! ನಿಲ್ಲಿಸುತ್ತೇನೆ. ನಿರೀಕ್ಷಾಳಿಗೆ ನನ್ನ ನೆನಪು ಹೇಳಿ, ಅದ್ವಿಕ್‌ಗೆ ಇಷ್ಟು ಸುಳ್ಳು ಒಳ್ಳೆಯದಲ್ಲ ಎಂದು ಹೇಳಿ. ಸುಕೇಶ್ ನಿಮ್ಮ ಕೈಯ ಒಗ್ಗರಣೆಯ ವಾಸನೆ ನೆನೆಸಿಕೊಂಡು ಮೊಸರನ್ನ ತಿನ್ನುತ್ತಿದ್ದಾರೆ. ನಿಮ್ಮ ಮೊಣಕಾಲು ಮುಟ್ಟಿ, ನೋಯದ ಹಾಗೆ, ನಮಸ್ಕಾರ ಮಾಡಿದ್ದೇನೆ.

ನಿಮ್ಮ ಸೊಸೆ
ಅಶ್ವಿತಾ

ತಾ.ಕ.: ಪಾಸ್! ಪಾಸ್ ಮಾಮೀ! ಶಿವಲಿಂಗವ್ವನವರು ನಿಮ್ಮ ಶಾಲು ಹೊದ್ದುಕೊಂಡು ಕಚೇರಿಯ ಎದುರೇ ಕುಣಿಯುತ್ತಿದ್ದಾರೆ, 'ನಿಮ್ಮತ್ತಿಗೆ ಫೋನ್ ಹಚ್ಚ್ರೀ ಮೊದಲ' ಎನ್ನುತ್ತಿದ್ದಾರೆ. ಆ ಅತ್ತೆ ಸ್ನಾನಕ್ಕೆ ಹೋಗಿರುತ್ತಾರೆ ಎಂದೆ. ಈಗ ಧೈರ್ಯ ಬಂದಿದೆ, ಬರೆಯುತ್ತೇನೆ. ಅಂದು ಅಡುಗೆಮನೆಯಲ್ಲಿ 'ಹಿಂದಿನ ಸೀಟಿನಲ್ಲಿ ಕೂತವರು ಸ್ಟೇರಿಂಗಿಗೆ ಕೈ ಹಾಕಬಾರದು' ಎಂದೆನಲ್ಲ, ತಪ್ಪಾಯಿತು. ನೀವು ಸೌಟು ಕೆಳಗಿಟ್ಟು ಕೋಣೆಗೆ ಹೋದದ್ದು ದಿನವೂ ಕಣ್ಣಿಗೆ ಬರುತ್ತದೆ. ನನಗೆ ಒಳ್ಳೆಯದಾಗಲಿ ಎಂದು ಮೈಕ್ ಹಿಡಿದವರು ನೀವು, ನಾನು ಹಾಗೆ ಹೇಳಬಾರದಿತ್ತು. ಮುಂದಿನ ವಾರದ ಶನಿವಾರ, ೨೨ಕ್ಕೆ, ನಾನೇ ಕಾರು ತೆಗೆದುಕೊಂಡು ವೆರಿಬೀಗೆ ಬರುತ್ತೇನೆ, ಹತ್ತು ಗಂಟೆಯ ದಾರಿ, ಅಷ್ಟು ದೂರ ನಾನು ಒಬ್ಬಳೇ ಓಡಿಸಿದ್ದೇ ಇಲ್ಲ. ವಾಪಸ್ ಬರುವಾಗ ನೀವು ಹಿಂದೆ ಕೂರುವುದು ಬೇಡ. ಮುಂದೆ, ನಾನು ಪಾಠ ಹೇಳುವಾಗ ಕೂರುವ ಸೀಟಿನಲ್ಲಿ ಕೂರಿ. ಎರಡನೆಯ ಬ್ರೇಕ್ ಅಲ್ಲೇ ಇರುವುದು. ನನ್ನ ಬಾಯಿ ಮತ್ತೆ ಹಾಗೆ ಓಡಿದರೆ ಒತ್ತಿಬಿಡಿ. ಮನೆಗೆ ಬನ್ನಿ, ಬಲೆ ಮಾಮೀ.